ಬಚ್ಚಲದ ಮೂಲಿಗೆ ಬಿಸಿನೀರು ಹಾಕಬ್ಯಾಡ್ರಿ

ಹಳೆಯ ಮನೆಯ ಬಚ್ಚಲದ ನೆಲ ಎತ್ತಿದಾಗ ಕೆಳಗೆ ಏನೇ ಸಿಗಲಿ, ಮೊದಲು ಮನೆಯ ಹೆಣ್ಣುಮಕ್ಕಳಿಗೆ ತೋರಿಸಬೇಕು. ತೋರಿಸದೆ ಮುಚ್ಚಬಾರದು.

ಇದು ನಮ್ಮ ಕಡೆಯ ಗೌಂಡಿಗಳ ನಿಯಮ. ಎಲ್ಲೂ ಬರೆದಿಟ್ಟಿಲ್ಲ. ಆದರೆ ಆಳಂದದಿಂದ ಜೇವರ್ಗಿ ತನಕ ಕಲ್ಲು ಕೂಡಿಸುವ ಯಾವ ಮುದುಕನನ್ನು ಕೇಳಿದರೂ ಹೇಳುತ್ತಾನೆ. ಕಾರಣವೂ ಸರಳ. ಬಾಣಂತಿಗೆ ಎರೆಯುವುದು ಬಚ್ಚಲದಲ್ಲಿ. ಕೂಸಿಗೆ ಎರೆಯುವುದು ಅಲ್ಲಿ. ಹೆರಿಗೆಯಾದ ಮೇಲೆ ಹೂಳಬೇಕಾದದ್ದನ್ನು ಹೂಳುವುದೂ ಅದರ ಮಗ್ಗುಲಲ್ಲೇ. ಅಲ್ಲಿ ಸಿಕ್ಕ ಮೂಗುತಿ ಯಾರದು, ಗಡಿಗೆ ಯಾರದು ಅನ್ನುವುದು ಹೆಂಗಸರಿಗೆ ಗೊತ್ತಿರುತ್ತದೆ. ಗಂಡಸರಿಗೆ ಗೊತ್ತಿರುವುದಿಲ್ಲ.

ಹೋದ ವರ್ಷ ಮೇ ತಿಂಗಳಲ್ಲಿ, ಮಣ್ಣೂರಿನ ನಮ್ಮ ದೊಡ್ಡಪ್ಪನ ಮನೆಯಲ್ಲಿ, ಈ ನಿಯಮವನ್ನು ಗೌಂಡಿ ಮುರಿದ. ಮನೆಯ ಯಜಮಾನ ಮುರಿದ. ನಾನೂ ಮುರಿದೆ.

ಇದನ್ನು ದೆವ್ವದ ಕತೆ ಅಂತ ಕೇಳುವವರು ಹಾಗೇ ಕೇಳಿರಿ. ರಾತ್ರಿ ಕೂತು ಹೇಳಿದಾಗಲೆಲ್ಲ ಯಾರಾದರೊಬ್ಬರು ನಗುತ್ತಾರೆ. ನಗಲಿ. ನಾನು ಕಟ್ಟಡದ ಲೆವಲ್ ನೋಡಿ ಸಂಬಳ ತಗೊಳ್ಳುವವನು. ಕಾಲು ಇಂಚು ಸುಳ್ಳು ಹೇಳಿದರೂ ನೀರು ಒಳಗೇ ನಿಲ್ಲುತ್ತದೆ ಅನ್ನುವುದು ನನಗೆ ಗೊತ್ತು. ಇಲ್ಲಿ ಕಾಲು ಇಂಚೂ ಸುಳ್ಳಿಲ್ಲ.

ಕಲ್ಲಿನಾಥಣ್ಣ ಫೋನ್ ಮಾಡಿದ್ದು ಒಂದು ಗುರುವಾರ. ಅವನು ನನ್ನ ದೊಡ್ಡಪ್ಪನ ಮಗ, ನಮಗೆಲ್ಲ ಕಲ್ಲಣ್ಣ. ಅಫಜಲಪುರದಲ್ಲಿ ಗೊಬ್ಬರದ ಅಂಗಡಿ, ಮನೆ ಮಣ್ಣೂರಿನಲ್ಲಿ. ಮಗಳು ಭಾಗ್ಯಜ್ಯೋತಿ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಅದಕ್ಕೇ ಹಳೆಯ ಮನೆಗೆ ಕೈ ಹಚ್ಚಿದ್ದ. ಗೋಡೆಗೆ ಗಿಲಾವ ಆಯಿತು, ಬಾಗಿಲು ಬದಲಾದವು. ಕೊನೆಗೆ ಬಚ್ಚಲದ ಶಹಾಬಾದ ಫರಸಿ ತೆಗೆಸಿ, ಕಾಲು ಜಾರದ ಟೈಲ್ಸ್ ಹಾಕಿಸುತ್ತಿದ್ದ. ಅತ್ತಿಗೆ ಮಗಳನ್ನು ಕರೆತರಲು ಭೂಸನೂರಿಗೆ ಹೋಗಿದ್ದರು.

"ಮೂಲ್ಯಾಗಿನ ಒಂದು ಟೈಲ್ಸ್ ಪೊಳ್ಳು ಬಡೀತದ. ನೀ ಬಾ," ಅಂದ.

"ಒಂದ್ ಟೈಲ್ಸಿಗೆ ಕಲಬುರ್ಗಿಯಿಂದ ಬರಬೇಕೇನೋ ಅಣ್ಣ? ಕಿತ್ತಿ ಮತ್ತ ಹಾಕಸು."

"ಎರಡ್ ಸಲ ಹಾಕಸೇನಿ..."

ಅಷ್ಟಂದು ಫೋನ್ ಇಟ್ಟ.

ಕೊನೆಯ ಬಸ್ಸು ಮಣ್ಣೂರು ಮುಟ್ಟಿದಾಗ ಕತ್ತಲಾಗಿತ್ತು. ಅಣ್ಣ ಸ್ಟ್ಯಾಂಡಿನಲ್ಲಿ ನಿಂತಿದ್ದ. ಗಾಡಿ ತಂದಿರಲಿಲ್ಲ. ನೆಟ್ಟಗಿನ ಹಾದಿ ಬಿಟ್ಟು ಹಾಳುಬಾವಿಯ ಕಡೆ ತಿರುಗಿದ. ಮನೆಯಲ್ಲಿ ದೊಡ್ಡವ್ವ ಇದ್ದಳು. ಎಪ್ಪತ್ತೈದಾದರೂ ಅವಳ ಕಿವಿ ಚುರುಕು. ಅದಕ್ಕೇ ಈ ಸುತ್ತು ಹಾದಿ.

"ಮೂಲಿ ಫರಸಿ ಕೆಳಗ ಒಂದ್ ಗಡಿಗಿ ಸಿಕ್ತು," ಪಿಸುಗುಟ್ಟಿದ.

"ಬಂಗಾರದ್ದೇನು?"

"ನಗಬ್ಯಾಡಲೇ."

ಬಾವಿಯ ಕಟ್ಟೆ ಹತ್ತಿರ ನಿಂತ. ಬಚ್ಚಲದಿಂದ ಎತ್ತಿದ ಫರಸಿಗಳನ್ನು ಅಲ್ಲೇ ಒಂದರ ಮೇಲೊಂದು ಒಟ್ಟಿದ್ದರು.

"ಒಡದ ಗಡಿಗಿ. ಒಳಗ ಕರೀ ಮಣ್ಣು. ಎಲುಬು ಗಿಲುಬು ಏನೂ ಉಳದಿಲ್ಲ. ಇದ್ದದ್ದು... ಒಂದು ಕರಡಿಗಿ. ಬೆಳ್ಳೀದು. ಇಷ್ಟ."

ಹೆಬ್ಬೆರಳಿನ ತುದಿ ತೋರಿಸಿದ.

ಕರಡಿಗೆ ಅಂದರೆ ನಮ್ಮವರು ಲಿಂಗ ಇಟ್ಟು ಕೊರಳಲ್ಲಿ ಕಟ್ಟಿಕೊಳ್ಳುವ ಡಬ್ಬಿ. ಆ ಅಳತೆಯ ಕರಡಿಗೆಯನ್ನು ಒಬ್ಬರಿಗೇ ಮಾಡಿಸುತ್ತಾರೆ. ಎಳೆ ಕೂಸಿಗೆ.

"ಒಳಗ ಲಿಂಗ ಇತ್ತೇನು?"

"ಇತ್ತು."

ನಾನು ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟೆ.

ಯಾಕೆ ಅಂತ ಹೇಳಬೇಕು. ದೊಡ್ಡವ್ವ ಸುಮಿತ್ರಾಬಾಯಿಗೆ ಎರಡು ಹೆಣ್ಣಿನ ಮೇಲೆ ಮೂರನೆಯದೂ ಹೆಣ್ಣೇ ಆಗಿತ್ತು. ಕಲ್ಲಣ್ಣ ಹುಟ್ಟುವ ಮೊದಲು, ಇವತ್ತಿಗೆ ಐವತ್ತೆರಡು ವರ್ಷದ ಹಿಂದೆ. ಹೆರಿಗೆಯಾದ ರಾತ್ರಿಯೇ ಜ್ವರ ಏರಿ ಹನ್ನೊಂದು ದಿನ ಅವಳಿಗೆ ಮೈಮೇಲೆ ಎಚ್ಚರ ಇರಲಿಲ್ಲ. ಎಚ್ಚರಾದಾಗ ಹೇಳಿದರು... ಕೂಸು ಸತ್ತೇ ಹುಟ್ಟಿತ್ತು ಅಂತ.

ಅವಳು ಒಪ್ಪಲಿಲ್ಲ. "ಅತ್ತದ್ದು ಕೇಳೇನಿ. ದಿನಾ ಕೇಳೇನಿ," ಅಂದಳು. ಜ್ವರದ ಸನ್ನಿ ಅಂದರು. ಐವತ್ತೆರಡು ವರ್ಷ ಅದನ್ನೇ ಅಂದರು. ಬೀಗರ ಮುಂದೆ ಅಂದರು, ಸೊಸೆಯ ಮುಂದೆ ಅಂದರು, ಮೊಮ್ಮಕ್ಕಳ ಮುಂದೆ ಅಂದರು. ಸುಮ್ಮನೆ ಕೂತಾಗ ಅವಳ ಬಲಗೈ ತನ್ನ ತೊಡೆಯನ್ನೇ ತಟ್ಟುತ್ತಿರುತ್ತದೆ. ತಟ್... ತಟ್... ತಟ್ ತಟ್. ಮಡಿಲಲ್ಲಿ ಕೂಸನ್ನು ಮಲಗಿಸಿದ ಹಾಗೆ. ಬಚ್ಚಲಕ್ಕೆ ಯಾರು ಹೋದರೂ ಅವಳದು ಒಂದೇ ಮಾತು: "ಆ ಮೂಲಿಗೆ ಬಿಸಿನೀರು ಹಾಕಬ್ಯಾಡ್ರಿ."

ನಾವು ನಗುತ್ತಿದ್ದೆವು. ಒಂಬತ್ತು ವರ್ಷದವನಿದ್ದಾಗ ನಾನು ಬೇಕಂತಲೇ ಆ ಮೂಲೆಗೆ ಒಂದು ತಂಬಿಗೆ ಬಿಸಿನೀರು ಸುರಿದಿದ್ದೇನೆ. ಅವಳು ನೋಡಲಿ ಅಂತಲೇ.

ಈಗ ಲೆಕ್ಕ ಹಚ್ಚಿರಿ. ಸತ್ತು ಹುಟ್ಟಿದ ಕೂಸಿಗೆ ನಮ್ಮ ಮನೆತನದಲ್ಲಿ ಲಿಂಗ ಕಟ್ಟುವುದಿಲ್ಲ. ಹುಟ್ಟಿದ ಐದನೆಯ ದಿನ ಅಯ್ಯನವರು ಮನೆಗೆ ಬಂದು ಕಟ್ಟುತ್ತಾರೆ. ಐದನೆಯ ದಿನ! ಅಂದರೆ ಆ ಕೂಸು ಐದು ದಿನವಾದರೂ ಉಸಿರಾಡಿತ್ತು. ಅಂದರೆ ಅತ್ತಿತ್ತು. ಅಂದರೆ ಅವಳಿಗೆ ಸನ್ನಿ ಆಗಿರಲಿಲ್ಲ.

ಇನ್ನೂ ಒಂದು. ಲಿಂಗ ಕಟ್ಟಿದ ಜೀವ ಹೋದರೆ, ಅದು ಐದು ದಿನದ್ದೇ ಇರಲಿ, ಊರ ಹೊರಗೆ ಒಯ್ದು ನಾಲ್ಕು ಜನರ ಎದುರಿಗೆ ಮಣ್ಣು ಕೊಡುತ್ತಾರೆ. ಗಡಿಗೆಗೆ ತುಂಬಿ ಬಚ್ಚಲದ ಮೂಲೆಯಲ್ಲಿ ಫರಸಿ ಎಳೆಯುವುದಿಲ್ಲ. ಕೂಸಿಗೆ ಏನಾಯಿತು, ಯಾರ ಕೈಯಿಂದ ಆಯಿತು, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಹೇಳುವುದಿಲ್ಲ. ನಾಲ್ಕು ಜನರಿಗೆ ತೋರಿಸಲಾಗದ್ದು ಆಗಿತ್ತು ಅನ್ನುವಷ್ಟು ಗೊತ್ತು. ದೊಡ್ಡಪ್ಪ ಚಂದ್ರಾಮಪ್ಪ ಪ್ರತಿ ಬಸವ ಜಯಂತಿಗೆ ಊರ ಕಟ್ಟೆಯ ಮೇಲೆ ನಿಂತು, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಗಂಡು ಹೆಣ್ಣು ಬೇರೆ ಅಲ್ಲ ಅಂತ ಅರ್ಧ ತಾಸು ಮಾತಾಡುತ್ತಿದ್ದ. ಒಂಬತ್ತು ವರ್ಷದ ಹಿಂದೆ ತೀರಿಕೊಂಡ. ಅವನ ಮಾತಿಗೆ ನಾನೂ ಚಪ್ಪಾಳೆ ಹೊಡೆದಿದ್ದೇನೆ. ಈಗ ಆ ಅಂಗೈ ಉರಿಯುತ್ತದೆ.

"ದೊಡ್ಡವ್ವಗ ತೋರಿಸಿಯೇನು?" ಕೇಳಿದೆ.

"ಗೌಂಡಿ ಪೀರಪ್ಪ ಕೇಳ್ದ, ಅವ್ವಾರನ್ನ ಕರೀಲೇನ್ರಿ ಅಂತ. ನಾನ ಬ್ಯಾಡ ಅಂದೆ. ಇದ್ದಲ್ಲೇ ಇಟ್ಟು, ಮ್ಯಾಲೆ ಮೂರ್ ಇಂಚ್ ಕಾಂಕ್ರೀಟ್ ಹಾಕಸಿ, ಟೈಲ್ಸ್ ಹಾಕಸಿದೆ."

"ನಾಚಿಗಿ ಇಲ್ಲೇನಲೇ ನಿನಗ! ಅಕಿ ಜಲ್ಮ ಎಲ್ಲಾ ಹುಚ್ಚಿ ಅನ್ನಿಸ್ಕೊಂಡಾಳ. ಅಕಿ ಕೂಸದು!"

"ಮೆಲ್ಲಗ... ಮೆಲ್ಲಗ ಮಾತಾಡು. ಅವ್ವಗ ಬಿಪಿ ಅದ. ಭಾಗ್ಯಾ ದಿನಾ ತುಂಬಿದಾಕಿ ನಾಡಿದ್ದು ಬರ್ತಾಳ. ಊರಾಗ ಅಪ್ಪನ ಹೆಸರದ. ಹೆರಿಗಿ ಒಂದ್ ಆಗಲಿ ಸಂಜು. ಆಮ್ಯಾಲೆ ನಾನ ಹೇಳ್ತೇನಿ."

ಮತ್ತೆ ನಾನು, ಒಂದು ಟೈಲ್ಸ್ ನೂಲಿನೆಳೆಯಷ್ಟು ಸೊಟ್ಟಗಿದ್ದರೆ ಕಿತ್ತಿಸುವವನು, ಏನಂದೆ?

ಹೂಂ ಅಂದೆ.

ಆಗ ಕೇಳಿಸಿತು. ತೊಟ್...

ಬಾವಿಯಲ್ಲಿ ನೀರಿಲ್ಲ. ಇಪ್ಪತ್ತು ವರ್ಷದಿಂದ ಇಲ್ಲ. ಮತ್ತೆ... ತೊಟ್. ಮೊಬೈಲ್ ಬೆಳಕು ಬಿಟ್ಟೆ. ಒಟ್ಟಿದ ಫರಸಿಗಳೆಲ್ಲ ಒಣಗಿ ಬೂದಿ ಬಣ್ಣಕ್ಕೆ ತಿರುಗಿದ್ದವು. ಮೇ ತಿಂಗಳು, ಆ ದಿನದ ಬಿಸಿಲು ನಲವತ್ತಮೂರು. ನಡುವಿನ ಒಂದು ಕಲ್ಲು ಮಾತ್ರ ಕರ್ರಗೆ ಹಸಿಯಾಗಿತ್ತು. ಅದರ ಅಂಚಿನಿಂದ ನೀರು ಬೀಳುತ್ತಿತ್ತು. ತೊಟ್... ತೊಟ್...

"ಯಾರರೆ ನೀರು ಹಾಕ್ಯಾರೇನು?"

"ಅದು ಮೂಲೀದು," ಅಂದ ಕಲ್ಲಣ್ಣ. "ಎತ್ತಿ ಹನ್ನೆರಡು ದಿನ ಆತು."

ಮನೆಗೆ ಹೋದೆವು. ದೊಡ್ಡವ್ವ ರೊಟ್ಟಿ, ಪುಂಡಿಪಲ್ಲೆ ಮಾಡಿ ಕಾದಿದ್ದಳು. ಎದುರಿಗೆ ಕೂತು ಬಡಿಸಿದಳು. ಎರಡನೆಯ ರೊಟ್ಟಿ ಮುರಿಯುವಾಗ ಕೇಳಿದಳು.

"ಸಂಜೂ... ಫರಸಿ ಎತ್ತಿದಾಗ ಕೆಳಗ ಏನರೆ ಸಿಕ್ತಂತೇನೋ?"

"ಮಣ್ಣು ದೊಡ್ಡವ್ವ. ಬರೇ ಮಣ್ಣು."

ಅವಳು ರೊಟ್ಟಿಯ ಬುಟ್ಟಿ ಬದಿಗೆ ಸರಿಸಿದಳು.

"ಪೀರಪ್ಪನೂ ಮಣ್ಣು ಅಂದ. ಕಲ್ಲೂನೂ ಮಣ್ಣು ಅಂದ. ನೀ ಇಂಗ್ಲೀಷ್ ಸಾಲಿ ಕಲ್ತಾಂವ, ಸುಳ್ಳ ಹೇಳಾಕ ಬರಂಗಿಲ್ಲ ನಿನಗ ಅಂತಾರ ಮಂದಿ. ಅದಕ್ಕ ನಿನ್ನ ದಾರಿ ಕಾಯ್ದೆ." ತಾಟಿಗೆ ಪಲ್ಲೆ ನೀಡಿದಳು. "ಉಣ್ಣು, ಉಣ್ಣು. ಆರತದ."

ಅವಳ ಕೈ ತೊಡೆಯ ಮೇಲೆ ಹೋಯಿತು. ತಟ್... ತಟ್... ತಟ್ ತಟ್.

ಇನ್ನು ಮುಂದಿನದು ನಡೆದದ್ದು ರಾತ್ರಿ ಅಲ್ಲ. ಮರುದಿನ ಮಧ್ಯಾಹ್ನ ಎರಡು ಗಂಟೆ. ಕಣ್ಣು ಕುಕ್ಕುವ ಬಿಸಿಲು. ಭ್ರಮೆ ಅನ್ನುವವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಬಚ್ಚಲ ಅಂಗಳದ ಒಂದು ತುದಿಗೆ. ಆರು ಅಡಿ ಉದ್ದ, ಐದು ಅಡಿ ಅಗಲ. ಅಡಿ ಚೌಕದ ಮೂವತ್ತು ಟೈಲ್ಸ್. ನಾನು, ಕಲ್ಲಣ್ಣ, ಗೌಂಡಿ ಪೀರಪ್ಪ ಒಳಗಿದ್ದೆವು. ಬಾಗಿಲ ಹೊರಗೆ ಮಸರತ ಸಲಿಕೆ ಹಿಡಿದು ನಿಂತಿದ್ದಳು. ಪೀರಪ್ಪನ ಕೈಕೆಳಗೆ ಹತ್ತು ವರ್ಷದಿಂದ ಸಿಮೆಂಟಿನ ಮಾಲು ಕಲಸುವ, ಬುಟ್ಟಿ ಹೊರುವ ಹೆಂಗಸು. ಗಡಿಗೆ ಸಿಕ್ಕ ದಿನವೂ ಬುಟ್ಟಿ ಹೊತ್ತಿದ್ದವಳು ಅವಳೇ. ಬಾಯಿ ಮುಚ್ಚಿಕೊಂಡಿರು ಅಂತ ಕಲ್ಲಣ್ಣ ಅವಳಿಗೂ ಹೇಳಿದ್ದ.

ಇಳಿಜಾರು ನೋಡಿದೆ. ಸರಿ ಇತ್ತು. ಕೀಲಿಕೈಯಿಂದ ಒಂದೊಂದೇ ಟೈಲ್ಸ್ ತಟ್ಟುತ್ತ ಬಂದೆ. ಕೆಳಗೆ ಮಾಲು ತುಂಬಿದ್ದರೆ ಸದ್ದು ಗಟ್ಟಿ ಬರುತ್ತದೆ. ಠಕ್. ಠಕ್. ಠಕ್. ಇಪ್ಪತ್ತೊಂಬತ್ತೂ ಗಟ್ಟಿ. ಮೂಲೆಯದು... ಡೊಬ್.

"ನೋಡ್ರಿ," ಅಂದ ಪೀರಪ್ಪ. "ಕೆಳಗ ಭರ್ತಿ ಮಾಲ್ ಕೊಟ್ಟೇನಿ. ಹೋದ ಸಲ ಕಿತ್ತಿ ನೋಡೀನಿ, ಕೂದಲ ಹೋಗೂವಷ್ಟೂ ಜಾಗ ಇಲ್ಲ. ಪೊಳ್ಳ ಟೈಲ್ಸಿನಾಗ ಇಲ್ರಿ ಇಂಜಿನೇರ್ ಸಾಹೇಬ್ರ. ಪೊಳ್ಳ ಬ್ಯಾರೆ ಕಡೆ ಅದ."

"ಶಾಣ್ಯಾತನ ಬ್ಯಾಡ," ಅಂದೆ. ಎರಡು ಸಲ ತಟ್ಟಿದೆ. ಡೊಬ್, ಡೊಬ್.

ಕೆಳಗಿನಿಂದ ಬಂತು.

ಡೊಬ್. ಡೊಬ್.

ಕಲ್ಲಣ್ಣ ಗೋಡೆಗೆ ಬೆನ್ನು ಕೊಟ್ಟ. ನಾನು ಮೂರು ಸಲ ತಟ್ಟಿದೆ. ಮೂರು ಬಂದವು. ಕೈ ಹಿಂದೆ ತಗೊಂಡೆ. ಕೀಲಿಕೈ ಜೇಬಿಗೆ ಹಾಕಿದೆ. ಯಾರೂ ಏನೂ ಮುಟ್ಟುತ್ತಿರಲಿಲ್ಲ. ಪೀರಪ್ಪನ ಎರಡೂ ಕೈ ಅವನ ಎದೆಯ ಮೇಲಿದ್ದವು.

ಆಗ ತಾನೇ ಶುರುವಾಯಿತು. ಮೆತ್ತಗೆ. ಅಂಗೈಯಿಂದ ತಟ್ಟಿದ ಹಾಗೆ.

ತಟ್... ತಟ್... ತಟ್ ತಟ್.

ಆ ಲಯ ನನಗೆ ಹುಟ್ಟಿದಾಗಿನಿಂದ ಗೊತ್ತು. ಬಾಗಿಲಿನಿಂದ ಹೊರಗೆ ನೋಡಿದೆ. ಅಂಗಳದ ಆಚೆ, ಕಂಬಕ್ಕೆ ಒರಗಿ, ದೊಡ್ಡವ್ವ ಕೂತಿದ್ದಳು. ಅವಳ ಕೈ ತೊಡೆಯ ಮೇಲೆ ಏಳುತ್ತಿತ್ತು, ಬೀಳುತ್ತಿತ್ತು. ಅವಳ ಕೈ ಬಿದ್ದಾಗ ಇಲ್ಲಿ ಟೈಲ್ಸ್ ಬಡಿಯುತ್ತಿತ್ತು. ನಲವತ್ತು ಅಡಿ ದೂರ. ತಟ್... ತಟ್... ತಟ್ ತಟ್.

ಅವಳು ತಲೆ ಎತ್ತಿ ನಮ್ಮ ಕಡೆ ನೋಡಿದಳು. ಕೈ ನಿಂತಿತು.

ಟೈಲ್ಸ್ ನಿಲ್ಲಲಿಲ್ಲ.

ತಟ್ ತಟ್. ತಟ್ ತಟ್ ತಟ್. ಜೋರಾಯಿತು. ಮಡಿಲಿನಿಂದ ಇಳಿಸಿದ ಕೂಸು ಹಟ ಮಾಡಿದ ಹಾಗೆ.

"ಒಡಿ ಅದನ್ನ!" ಕಲ್ಲಣ್ಣ ಚೀರಿದ. ಪೀರಪ್ಪ ಸುತ್ತಿಗೆ ಎತ್ತಿ ಹೊಡೆದ. ಟೈಲ್ಸ್ ನಾಲ್ಕು ಹೋಳಾಯಿತು. ಸದ್ದು ನಿಂತಿತು. ಬಗ್ಗಿ ನೋಡಿದೆ. ಕೆಳಗೆ ಮಾಲು ಭರ್ತಿ ಇತ್ತು. ಗಟ್ಟಿ. ಬೆರಳಿನಿಂದ ಒತ್ತಿದೆ, ಉಗುರಿನಿಂದ ಕೆರೆದೆ. ಎಲ್ಲೂ ಪೊಳ್ಳಿರಲಿಲ್ಲ.

"ಇನ್ನೂ ನಾಲ್ಕ್ ಇಂಚ್ ಕಾಂಕ್ರೀಟ್ ಹಾಕ್ರಿ," ಅಂದ ಕಲ್ಲಣ್ಣ. ಹಣೆಯಿಂದ ಬೆವರು ಸುರಿಯುತ್ತಿತ್ತು. "ನೆಲ ಮ್ಯಾಲ ಬಂದ್ರ ಬರ್ಲಿ. ಮುಚ್ರಿ. ಏ ಮಸರತ, ಮಾಲ್ ಕಲಸು!"

ಮಸರತ ಅಲ್ಲಾಡಲಿಲ್ಲ.

"ಕಿವಿ ಕೇಳಸಂಗಿಲ್ಲೇನು? ಮಾಲ್ ಕಲಸು!"

"ಕಲಸಂಗಿಲ್ರಿ."

"ಏನಂದಿ?"

"ಎರಡ್ ಸಲ ಕಲಸೇನಿ ಸಾಹುಕಾರ್ರ. ಅದರವ್ವಗ ಗೊತ್ತಿಲ್ದಂಗ, ಅದರ ಮ್ಯಾಲ ಎರಡ್ ಸಲ ನನ್ನ ಕೈಲೆ ಮಾಲ್ ಹಾಕೇನಿ. ಮೂರನೇದು ನನ್ನ ಕೈಲೆ ಆಗಂಗಿಲ್ಲ."

"ಬೇ ಮಸರತ," ಪೀರಪ್ಪ ದನಿ ತಗ್ಗಿಸಿದ, "ಸುಮ್ಮನ ಕಲಸ. ನಾಳಿಂದ ಕೆಲಸಕ್ಕ ಬರಬೇಕಿಲ್ಲೇನು ನೀನು?"

"ಕರೀಬ್ಯಾಡ್ರಿ. ಬಿಡ್ರಿ. ಹೆಣ್ಮಕ್ಕಳಿಗೆ ತೋರಿಸಿ ಮುಚ್ಚಬೇಕು ಅಂತ ನನಗ ಹೇಳಿದಾವ್ರು ಯಾರು? ಹತ್ತ್ ವರ್ಷದಾಗ ಹತ್ತ್ ಮನ್ಯಾಗ ಹೇಳೀರಿ. ಬಡವ್ರ ಮನ್ಯಾಗ ಒಂದ್ ತೂತಿನ ಬಿಲ್ಲಿ ಸಿಕ್ರೂ ಅವ್ವಾರನ್ನ ಕರೀರಿ ಅಂತೀರಿ. ಸಾಹುಕಾರ್ರ ಮನ್ಯಾಗ ಬಾಯಿಗೆ ಬೀಗ ಬಿತ್ತೇನು?"

ಪೀರಪ್ಪ ಸುತ್ತಿಗೆ ಕೆಳಗಿಟ್ಟ.

"ನಿಮ್ಮ ಮಂದಿದಲ್ಲ, ನಿಮ್ಮ ಮನೀದಲ್ಲ," ಅಂದ ಕಲ್ಲಣ್ಣ. "ನಿನಗೇನ್ ಸಂಬಂಧ ಅದರಾಗ?"

"ನನಗೂ ಮೂರ್ ಹೆಣ್ಣ ಅದಾವ್ರಿ," ಅಂದಳು.

ಅವಳು ನನ್ನ ಕಡೆ ನೋಡಿದಳು. ಓದಿದವನು ಏನಾದರೂ ಹೇಳುತ್ತಾನೆ ಅಂತ ನೋಡಿದಳು. ನಾನು ದೊಡ್ಡವ್ವನನ್ನು ಬಾ ಅಂತ ಕರೆದಿದ್ದರೆ ಸಾಕಾಗಿತ್ತು. ನಾನು ಬಾಯಿ ತೆರೆಯಲಿಲ್ಲ. ಈ ಕತೆಯಲ್ಲಿ ನನಗೆ ಹೆಚ್ಚು ಹೆದರಿಕೆಯಾಗುವುದು ಟೈಲ್ಸಿನ ಸದ್ದಿಗಲ್ಲ, ನಾನು ಹಾಗೆ ನಿಂತದ್ದಕ್ಕೆ.

ಮಸರತ ಸಲಿಕೆಯನ್ನು ಗೋಡೆಗೆ ಆನಿಸಿ ಇಟ್ಟಳು. ಡ್ರಮ್ಮಿನ ನೀರಿನಲ್ಲಿ ಮೊಣಕೈ ತನಕ ತೊಳೆದುಕೊಂಡಳು. ಕಾಲು ತೊಳೆದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಅಂಗಳ ದಾಟಿ ಹೋಗಿ ಕಂಬದ ಮುಂದೆ ಕೂತಳು.

"ಅವ್ವಾರ... ಬರ್ರಿ. ನಿಮ್ಮ ಕೂಸು ಸಿಕ್ಕಾದ."

ದೊಡ್ಡವ್ವ ಅಳಲಿಲ್ಲ.

"ಗೊತ್ತದ ಬೇ," ಅಂದಳು. "ಯಾರರೆ ಬಂದು ಕರೀಲಿ ಅಂತ ಕುಂತಿದ್ದೆ."

ಇಬ್ಬರೂ ಬಂದರು. ದೊಡ್ಡವ್ವ ಬಚ್ಚಲದ ಹೊಸಲಿನ ಮೇಲೆ ಕೂತಳು. ಮಗನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. "ತೆಗಿ," ಅಂತ ಮಸರತಳಿಗೆ ಹೇಳಿದಳು. ಪೀರಪ್ಪ ಮುಂದೆ ಬಂದ. "ನೀ ಬ್ಯಾಡ. ಅಕಿ ತೆಗೀಲಿ," ಅಂದಳು.

ಮಸರತ ಹಾರೆ ಎತ್ತಿ ಹಾಕಿದಳು. ಒಂದೇ ಪೆಟ್ಟು. ಹನ್ನೊಂದು ದಿನ ನೀರು ಕುಡಿದು ಗಟ್ಟಿಯಾದ ಮೂರು ಇಂಚಿನ ಕಾಂಕ್ರೀಟ್ ಒಣ ರೊಟ್ಟಿಯ ಹಾಗೆ ಮುರಿಯಿತು. ಕೈ ಹಾಕಿ ಮಣ್ಣು ಬಗೆದಳು. ಕರಡಿಗೆ ಎತ್ತಿದಳು.

ಬೆಳ್ಳಿ ಕರ್ರಗಾಗಿತ್ತು. ಅದು ಸಹಜ. ಅದಕ್ಕೆ ಸುತ್ತಿದ ಶಿವದಾರ... ಅದು ಹತ್ತಿಯ ನೂಲು. ಐವತ್ತೆರಡು ವರ್ಷ ಬಚ್ಚಲದ ನೀರು ಇಂಗಿದ ಮಣ್ಣಿನಲ್ಲಿತ್ತು. ಅದು ಬೆಳ್ಳಗಿತ್ತು. ಒಣಗಿತ್ತು. ಗಂಟು ಆಗತಾನೇ ಹಾಕಿದ ಹಾಗೆ ಬಿಗಿಯಾಗಿತ್ತು. ನಾನು ಒಂದು ಮಾರು ದೂರದಿಂದ, ಹಗಲು ಬೆಳಕಿನಲ್ಲಿ, ಕನ್ನಡಕ ಹಾಕಿಕೊಂಡು ನೋಡಿದೆ. ಯಾರು ಏನೇ ಅನ್ನಲಿ, ಹಾಗೇ ಇತ್ತು.

ಕಲ್ಲಣ್ಣ ಕೈ ಚಾಚಿದ. "ಇಲ್ಲಿ ಕೊಡು."

ಮಸರತ ಕೊಡಲಿಲ್ಲ. ಅವನನ್ನು ದಾಟಿ, ನನ್ನನ್ನು ದಾಟಿ, ಹೊಸಲಿನ ಮುಂದೆ ಮೊಣಕಾಲೂರಿದಳು. ದೊಡ್ಡವ್ವ ಬಲಗೈ ಮುಂದೆ ಮಾಡಿದಳು. ನಮ್ಮಲ್ಲಿ ಲಿಂಗ ಹಿಡಿಯುವುದು ಎಡಗೈಯಲ್ಲಿ. ಅದನ್ನು ಮಸರತಳಿಗೆ ಯಾರು ಹೇಳಿಕೊಟ್ಟರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ಆ ಬಲಗೈಯನ್ನು ಮೆಲ್ಲಗೆ ಬದಿಗೆ ಸರಿಸಿ, ಎಡಗೈ ಬಿಚ್ಚಿ, ಅಂಗೈಯ ನಡುವೆ ಅದನ್ನು ಇಟ್ಟು, ಮುದುಕಿಯ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.